ದೊಡ್ಡ ಪಾದ್ರಿಗಳು ಎಮ್ಮೆ ಮಾರಿದ್ದು

ಮೊನ್ನೆ ನಿಪ್ಪಾಣಿಯಲ್ಲಿ ಈ ಟವೆಲ್ಲಿಗೆ ನೂರಾ ಎಂಬತ್ತು ಕೊಟ್ಟೆ. ಅಂಗಡಿಯವ ಇನ್ನೂರೈವತ್ತರಿಂದ ಶುರು ಮಾಡಿದ್ದ; ಜಗ್ಗಿದ್ದರೆ ಇನ್ನೂ ಇಪ್ಪತ್ತು ಇಳಿಯುತ್ತಿತ್ತು. ಆದರೆ ನೇಯ್ಗೆ ದಪ್ಪ, ಒಳಗಿನ ಬೆರಳು ಹೊರಗೆ ಕಾಣುವುದಿಲ್ಲ. ದನದ ವ್ಯಾಪಾರದಲ್ಲೇ ಮುದುಕನಾದವನು ಟವೆಲ್ಲನ್ನು ಮೈ ಒರೆಸಲು ಕೊಳ್ಳುವುದಿಲ್ಲ, ನೋಡಿ. ಈಗ ಫೋನಿನಲ್ಲೇ ಬೆಲೆ ಕೂಗುತ್ತಾರೆ. ಆಗೆಲ್ಲ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳಿಗೆ ನೂರರಂತೆ, ಬಾಯಿ ಬಿಡದೆ ವ್ಯಾಪಾರ.

ಅದನ್ನು ಮಡಚುವಾಗ ದೊಡ್ಡ ಪಾದ್ರಿಗಳು ನೆನಪಾದರು. ಬಿಷಪ್ ಎನ್ನಲು ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಮೈಸೂರು ಕಡೆಯವರು, ಪೇಟೆಯಲ್ಲಿ ಬೆಳೆದವರು. ವರ್ಷಕ್ಕೊಮ್ಮೆ ನಮ್ಮ ಕಡೆಯ ಹಳ್ಳಿಗಳಿಗೆ ಜೀಪಿನಲ್ಲಿ ಬಂದು ಹುಡುಗರ ತಲೆಯ ಮೇಲೆ ಕೈಯಿಟ್ಟು ಚರ್ಚಿನ ಸಭೆಗೆ ಸೇರಿಸಿಕೊಳ್ಳುವುದು ಅವರ ಕೆಲಸ. ಅದು ಮುಗಿದ ಮೇಲೂ ಹೊರಡದೆ ಮನೆಮನೆಗೆ ಹೋಗಿ ಕೂತು, ಖಾರದ ಝುಣಕ ತಿಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಹಾಗೆ ಕೂತಾಗ ರಾಹೇಲವ್ವ ಎಂಬ ವಿಧವೆ ತನ್ನ ಕಷ್ಟ ಹೇಳಿದ್ದಳಂತೆ. ಮಗಳಿಗೆ ನರ್ಸ್ ಕಲಿಯಲು ಸೀಟು ಸಿಕ್ಕಿದೆ, ಎಮ್ಮೆ ಮಾರದೆ ಕಳಿಸಲಾಗದು, ಗಂಡಸರಿಲ್ಲದ ಮನೆಯೆಂದು ಸಂತೆಯವರು ಅರ್ಧ ಬೆಲೆ ಹೇಳುತ್ತಾರೆ. ಮರುದಿನ ಅಥಣಿಯ ದನದ ಸಂತೆಗೆ, ಅವಳ ಜೊತೆ, ಬಿಳಿ ನಿಲುವಂಗಿಯವರೇ ಎಮ್ಮೆಯ ಹಗ್ಗ ಹಿಡಿದು ಬಂದರು.

ನಾನಾಗ ಮೀಸೆ ಚಿಗುರಿದ ಹೊಸ ವ್ಯಾಪಾರಿ. ಒಳ್ಳೇ ಗಿರಾಕಿ ಸಿಕ್ಕಿತೆಂದು ಟವೆಲ್ಲು ಮುಚ್ಚಿ ಮೂರು ಬೆರಳು ಒತ್ತಿದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಯಾರೋ ಕಷ್ಟದಲ್ಲಿರುವವ ಕೈ ಚಾಚಿದ್ದಾನೆಂದು ತಿಳಿದು ಪ್ರಾರ್ಥನೆಗೆ ನಿಂತಿದ್ದರು. ಕೈ ಬಿಡದಿದ್ದರೆ ಬೆಲೆ ಒಪ್ಪಿಲ್ಲವೆಂದು ಸಂತೆಯ ರೂಢಿ. ನಾಲ್ಕು ಒತ್ತಿದೆ. ಅವರ ತುಟಿ ಅಲ್ಲಾಡುತ್ತಿತ್ತು, ಹಿಡಿತ ಸಡಿಲಾಗಲಿಲ್ಲ. ಸುತ್ತ ಮಂದಿ ಸೇರಿತು.

“ಪಾದ್ರಿ ಭಾಳ ಗಟ್ಟಿ ಅದಾನಲೇ, ನಮ್ಮ ಹುಡುಗನ ಬೆವರ ಇಳಸಾಕತ್ತಾನ,” ಅಂದ ಒಬ್ಬ.

ಮಾನಕ್ಕೆ ಅಂಜಿ ಐದೂ ಒತ್ತಿದೆ. ಅವರು ಆಮೆನ್ ಅಂದು ಕೈ ಬಿಟ್ಟರು. ವ್ಯಾಪಾರ ಕುದುರಿತು.

ಮಂದಿ ನಕ್ಕು ಸಂಗತಿ ಬಿಡಿಸಿ ಹೇಳಿದಾಗ ಪಾದ್ರಿಗಳ ಮುಖ ಸಣ್ಣದಾಯಿತು. “ತಪ್ಪಾಯಿತಪ್ಪ. ನಿಮಗೆ ಮೋಸ ಆಗಬಾರದು. ಎಮ್ಮೆಯ ನಿಜವಾದ ಬೆಲೆ ಹೇಳಿ, ಹೆಚ್ಚಿನದನ್ನು ವಾಪಸ್ ಕೊಡಿಸುತ್ತೇನೆ,” ಅಂದರು.

ರಾಹೇಲವ್ವ ನಾನು ಕೊಟ್ಟ ಹಣ ಕಟ್ಟಿದ್ದ ಸೆರಗಿನ ಗಂಟು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾಲ್ಕು ನೂರು ಅಂದಿದ್ದರೆ ನೂರು ರೂಪಾಯಿ ನನ್ನ ಕೈಗೆ ವಾಪಸ್ ಬರುತ್ತಿತ್ತು. ಬೆಲೆ ಕೇಳಿದ ಪಾದ್ರಿಗಳಂತೂ ನಂಬಲು ತಯಾರಾಗಿಯೇ ನಿಂತಿದ್ದರು.

“ಐದ ನೂರ ಬಾಳತೈತ್ರಿ,” ಅಂದೆ. “ಮೂರ ಒತ್ತಿದ್ದ ನನ್ನ ಕಳ್ಳತನರಿ.”

ಅದಕ್ಕೇ ಹೇಳುತ್ತೇನೆ. ಎಮ್ಮೆ ಕೊಳ್ಳಲು ಹೋದರೆ ಹಲ್ಲು ನೋಡಿ, ಕೆಚ್ಚಲು ನೋಡಿ, ಎರಡು ಹೊತ್ತು ನೀವೇ ಹಿಂಡಿ ನೋಡಿ. ಯಾಕೆ ಮಾರುತ್ತೀರಿ ಎಂದೂ ಕೇಳಿ. ನಾನು ಅಂದಿನಿಂದ ಕೇಳುತ್ತ ಬಂದೆ. ಕಷ್ಟ ಕೇಳಿದ ಮೇಲೆ ಮೂರು ಒತ್ತಲಾಗದೆ ಲಾಭ ಕೊಂಚ ಕಡಿಮೆಯೇ ಆಯಿತು. ಆದರೆ ಎಮ್ಮೆ ಮಾರಬೇಕಾದ ಹೆಣ್ಣುಮಕ್ಕಳು ಸಂತೆಗೆ ಹೋಗುವುದು ಬಿಟ್ಟು ನೇರ ನನ್ನ ಮನೆಗೇ ಬರತೊಡಗಿದರು.