ಡಬ್ಬಿಯೊಳಗಿದ್ದ ಮೀನುಕೊಳ

"ಅಮ್ಮಾ, ತು ಮಾಮ ಯಾಕೆ ಒಂದು ಆಟಾನೂ ಆಡಲ್ಲ? ಶುರು ಮಾಡ್ತಾರೆ, ನಗ್ತಾರೆ, ಮುಚ್ಚಿಬಿಡ್ತಾರೆ."

ಐದು ವರ್ಷದ ನಿನಿ ಹೀಗೆ ಕೇಳಿದಾಗ ಪೈಜಿ ಕಾವಲಿಯ ಮೇಲೆ ಮೂಲಂಗಿ ಕಡುಬು ಮಗುಚುತ್ತಿದ್ದಳು. ಕಡಲತಡಿಯ ಬುದಾಯ್ ಊರಿನ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಅವಳದು ಬೆಳಗಿನ ತಿಂಡಿಯ ಅಂಗಡಿ. ಪಕ್ಕದ ಬಾಗಿಲೇ ತು ಶಿಖುನ್ ಅವರ ಕಂಪ್ಯೂಟರ್ ರಿಪೇರಿ ಕೋಣೆ. ಗಿರಾಕಿಗಳು ಕರಗುವವರೆಗೆ ನಿನಿ ಅಲ್ಲೇ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದಳು. ಅವರಿಗೆ ಅಷ್ಟರಲ್ಲೇ ಹೊಟ್ಟೆ ತುಂಬುತ್ತೆ ಎಂದು ಪೈಜಿ ಮಾತು ಹಾರಿಸಿದಳು.

ಅದು ಸುಳ್ಳೇನೂ ಅಲ್ಲ. ಐವತ್ತೆಂಟರ ತು ಮಾಮ ಒಂಟಿ ಜೀವ. ವಿಂಡೋಸಿಗೆಂದೇ ಹುಟ್ಟಿದ ಹಳೆಯ ಆಟಗಳನ್ನು ಲಿನಕ್ಸ್ ಯಂತ್ರದಲ್ಲಿ ಓಡಿಸುವುದೊಂದೇ ಅವರ ಹುಚ್ಚು. ಆಟ ತನ್ನ ಅಭ್ಯಾಸದಂತೆ ವಿಂಡೋಸನ್ನು ಏನೋ ಕೇಳುತ್ತದೆ. ಅಲ್ಲಿ ವಿಂಡೋಸೇ ಇಲ್ಲ. ನಡುವೆ ದುಭಾಷಿಯಂತೆ ಕುಳಿತ ಪದರವೊಂದು ಆ ಕೇಳಿಕೆಯನ್ನು ಲಿನಕ್ಸಿಗೆ ತಿಳಿಯುವಂತೆ ದಾಟಿಸುತ್ತದೆ. ಒಂದು ಆಟದ ರಗಳೆ ಇನ್ನೊಂದಕ್ಕೆ ಅಂಟದಿರಲೆಂದು ಅವರು ಪ್ರತಿ ಆಟಕ್ಕೂ ಬೇರೆ ಡಬ್ಬಿ ಕಟ್ಟುತ್ತಿದ್ದರು. ಡಬ್ಬಿಯೆಂದರೆ ತಗಡಿನದಲ್ಲ, ಯಂತ್ರದೊಳಗೇ ಬೇಲಿ ಹಾಕಿಕೊಟ್ಟ ಜಾಗ. ಆಟ ಕೆಟ್ಟರೆ ತೇಪೆ ಹಚ್ಚುವ ಮಾತಿಲ್ಲ, ಡಬ್ಬಿಯನ್ನೇ ಅಳಿಸಿ ಹೊಸದು ಕಟ್ಟುವುದು. ಹನ್ನೆರಡು ವರ್ಷ ಈ ನಿಯಮ ಅವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕೈಕೊಟ್ಟದ್ದು ಚ್ಯೂ ಅಜ್ಜಿಯ ವಿಷಯದಲ್ಲಿ.

ಅಜ್ಜಿಗೆ ಎಪ್ಪತ್ತೇಳು. ನಲವತ್ತು ವರ್ಷ ಹೊಂಡಗಳಲ್ಲಿ ಹೂಮೀನು ಸಾಕಿದ ಕೈ. ಮಕ್ಕಳು ಹೊಂಡಗಳನ್ನೆಲ್ಲ ಸೌರಫಲಕದವರಿಗೆ ಬಿಟ್ಟುಕೊಟ್ಟ ಮೇಲೆ ಅಜ್ಜಿಗೆ ಉಳಿದದ್ದು ಕಂಪ್ಯೂಟರಿನೊಳಗಿನ ಕೊಳ ಮಾತ್ರ. ಮೀನು ಸಾಕುವ ಹಳೆಯ ಆಟವೊಂದನ್ನು ಅವರು ಹದಿನೆಂಟು ವರ್ಷದಿಂದ ಆಡುತ್ತಿದ್ದರು. ದಿನಕ್ಕೆರಡು ಸಲ ಮೇವು ಹಾಕಬೇಕು, ನೀರು ನೋಡಬೇಕು, ಒಂದೊಂದು ಮೀನಿಗೂ ಹೆಸರಿಡಬೇಕು. ಎರಡು ವರ್ಷದ ಹಿಂದೆ ಅವರ ವಿಂಡೋಸ್ ಯಂತ್ರ ಸತ್ತಾಗ ಕೊಳವನ್ನು ಲಿನಕ್ಸಿಗೆ ಸಾಗಿಸಿಕೊಟ್ಟವರು ತು ಮಾಮನೇ. ಮೊದಲಿಗೆ ಅಕ್ಷರಗಳೆಲ್ಲ ಬರೀ ಚೌಕಗಳಾಗಿ ಕಂಡವು. ಮೂರು ದಿನ ಕುಳಿತು ಅವನ್ನು ಸರಿಮಾಡಿದಾಗ ಅಜ್ಜಿ ಕನ್ನಡಕ ಏರಿಸಿ ನೋಡಿ, ನೀರು ಮೊದಲು ಇನ್ನೂ ಸ್ವಲ್ಪ ಹಸಿರಿತ್ತು ಎಂದು ಗೊಣಗಿ ಹೋಗಿದ್ದರು.

ಈ ವಸಂತದಲ್ಲಿ ಯಾವುದೋ ಅಪ್‌ಡೇಟ್ ಬಂದ ಮೇಲೆ ಆಟ ತೆರೆಯಲೇ ಇಲ್ಲ. ಅಜ್ಜಿ ಯಂತ್ರವನ್ನು ತರಕಾರಿ ಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದರು. ಯಂತ್ರ ಹೇಳಿದ ಮಾತು ಕೇಳಲೆಂದು ಆ ಕಡೆಯವರ ನಂಬಿಕೆಯಂತೆ ಅದರ ತಲೆಯ ಮೇಲೆ ಇಟ್ಟಿದ್ದ ಹಸಿರು ಕುರುಕಲು ಪೊಟ್ಟಣವನ್ನೂ ತೋರಿಸಿ, "ಅವಧಿ ಇನ್ನೂ ಮುಗ್ದಿಲ್ಲ ನೋಡು. ತಪ್ಪು ನನ್ದಲ್ಲ" ಎಂದರು.

ಅಜ್ಜಿ ಅತ್ತ ತಿಂಡಿಗೆ ಕೂತರು, ಇತ್ತ ತು ಮಾಮ ನಿಯಮ ಪಾಲಿಸಿದರು. ಡಬ್ಬಿ ಅಳಿಸಿದರು, ಹೊಸದು ಕಟ್ಟಿದರು. ಅರ್ಧ ಗಂಟೆಯಲ್ಲಿ ಆಟ ತೆರೆಯಿತು. ಅಕ್ಷರ ಮುತ್ತಿನ ಹಾಗೆ, ನೀರು ಗಾಜಿನ ಹಾಗೆ.

"ಮೀನೆಲ್ಲಿ?" ಎಂದಳು ನಿನಿ.

ಮಗಳ ಮಾತು ಕೇಳಿಸಿ ಪೈಜಿ ಸಟ್ಟುಗ ಹಿಡಿದೇ ಬಂದಳು. ತು ಮಾಮ ಯಂತ್ರದ ಮೂಲೆಮೂಲೆ ಹುಡುಕುತ್ತಿದ್ದರು. ಕೊಳವೂ ಡಬ್ಬಿಯೊಳಗೇ ಇತ್ತು; ಡಬ್ಬಿಯೊಂದಿಗೇ ಹೋಯಿತು. ಅವರ ಸ್ವಂತ ಡಬ್ಬಿಗಳಲ್ಲಿ ಕಳೆದುಕೊಳ್ಳಲು ಎಂದೂ ಏನೂ ಇದ್ದಿರಲಿಲ್ಲ. ಆಡಿದವರಿಗೆ ತಾನೇ ಉಳಿಸಿಕೊಳ್ಳುವುದು ಏನಾದರೂ ಇರುವುದು?

ಅಜ್ಜಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿ, ತು ಮಾಮ ಅಜ್ಜಿಯ ಹಳೆಯ ವಿಂಡೋಸ್ ಯಂತ್ರದ ಡಿಸ್ಕನ್ನು ಡ್ರಾಯರಿನಿಂದ ಹುಡುಕಿ ತೆಗೆದರು. ಅದರಲ್ಲಿ ಕೊಳವಿತ್ತು, ಆದರೆ ಎರಡು ವರ್ಷ ಹಿಂದಿನದು. ಅದನ್ನೇ ಕೂಡಿಸಿ ಸುಮ್ಮನಿದ್ದರೆ ಆಗದೇ ಎಂದು ಪೈಜಿಯ ಮುಖ ನೋಡಿದರು. ಬಟ್ಟಲಿಗೆ ಒಂದು ಸಿಗಡಿ ಕಡಿಮೆ ಬಿದ್ದರೂ ಅಜ್ಜಿ ಎಣಿಸಿ ಹೇಳುತ್ತಾರೆ, ಮೀನು ಎಣಿಸದೆ ಬಿಡುತ್ತಾರಾ ಎಂದಳು ಪೈಜಿ. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಅಯ್ಯೋ ಎನಿಸಿತ್ತು. ರಾತ್ರಿಯ ಅನ್ನ ಕೊಟ್ಟು ಕಳಿಸಿದಳು.

ಆ ಹಳೆಯ ಕೊಳವನ್ನೇ ಯಂತ್ರಕ್ಕೆ ಹಾಕಿಟ್ಟು, ಮರುದಿನ ತಿಂಡಿಯ ಮೇಜಿನಲ್ಲೇ ತು ಮಾಮ ಅಜ್ಜಿಗೆ ನಡೆದದ್ದನ್ನೆಲ್ಲ ಒಪ್ಪಿಸಿದರು. ಅಜ್ಜಿ ತಿನ್ನುವ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟರು.

"ಚಳಿಗಾಳಿಗೆ ಒಂದೇ ಸಲ ಇಡೀ ಹೊಂಡ ಸತ್ತದ್ದು ನೋಡಿದೀನಿ. ಸುಣ್ಣ ಹಾಕಿ, ಒಣಗ್ಸಿ, ಮತ್ತೆ ಮರಿ ಬಿಟ್ಟಿದೀನಿ. ಅದಕ್ಕೆ ನಾನು ಅತ್ತಿಲ್ಲ. ಆದ್ರೆ ಇವು ಚಳಿಗೆ ಸತ್ತಿದ್ದಲ್ಲ ಶಿಖುನ್. ಕೇಳದೇನೇ ನೀನು ಹೊಂಡದ ಕಟ್ಟೆ ಒಡೆದೆ."

ಯಂತ್ರವನ್ನು ಗಾಡಿಗೆ ಹಾಕಿಕೊಂಡು ಹೊರಟೇಬಿಟ್ಟರು.

ನಾಲ್ಕು ದಿನ ಅಜ್ಜಿ ಓಣಿಯ ಈ ಕಡೆಗೆ ತಲೆ ಹಾಕಲಿಲ್ಲ. ಪೈಜಿ ಕಡುಬು ಕಟ್ಟಿಕೊಂಡು ಅವರ ಮನೆಗೆ ಹೋದಾಗ, ಹಳೆಯ ಕೊಳಕ್ಕೆ ಮೇವು ಹಾಕುತ್ತಾ ಕೂತಿದ್ದರು. ಇದರಲ್ಲಿ ಹನ್ನೊಂದು ಮೀನು ಇಲ್ಲ ಎಂದರು. ಒಂದು ಕೆನ್ನೆ ಊದಿದ್ದಕ್ಕೆ ಹಲ್ಲುನೋವು ಎಂದು ಹೆಸರಿಟ್ಟಿದ್ದ ಮೀನು ಇಲ್ಲ, ಮೇವು ಬಿದ್ದಾಗ ಮಾತ್ರ ಮುಖ ತೋರಿಸುತ್ತಿದ್ದ ಮೇಯರ್ ಇಲ್ಲ. ಮಿಕ್ಕವುಗಳ ಸುದ್ದಿಗೆ ಹೋಗದೆ ಕಡುಬು ಬಿಚ್ಚಿದರು.

ಪೈಜಿ ಬಂದು ಇದನ್ನು ಹೇಳಿದಾಗ ತು ಮಾಮ ಎದ್ದು ಕೂತರು. ಹಳೆಯ ಡಿಸ್ಕಿನಲ್ಲಿದ್ದ ಕೊಳದ ಕಡತವನ್ನು ಅವರು ನಾಲ್ಕು ದಿನದಿಂದ ಬಿಚ್ಚಿ ನೋಡುತ್ತಿದ್ದರಂತೆ. ಒಂದು ಮೀನೆಂದರೆ ಒಂದು ಸಾಲು: ಹೆಸರು, ಬಣ್ಣ, ತೂಕ, ವಯಸ್ಸು. ಸಾಲು ಸೇರಿಸಿದರೆ ಮೀನು ಸೇರುತ್ತದೆ. ನಿನ್ನೆ ಪ್ರಯೋಗಕ್ಕೆಂದು ಒಂದನ್ನು ಕೊಳಕ್ಕೆ ಬಿಟ್ಟು, ಅದು ಈಜುವುದನ್ನು ಗಂಟೆಗಟ್ಟಲೆ ನೋಡಿದರಂತೆ.

"ಪೈಜಿ, ಅವರು ನನ್ನತ್ರ ಮಾತಾಡಲ್ಲ, ಆಡೋದೂ ಬೇಡ ಬಿಡು. ನೀನು ಒಂದು ಮಧ್ಯಾಹ್ನ ಹೋಗಿ ಕೂತು, ಆ ಹನ್ನೊಂದರ ಹೆಸರು, ಬಣ್ಣ, ತೂಕ ಎಲ್ಲಾ ಬರ್ಕೊಂಡು ಬರ್ತೀಯಾ? ಮೊದ್ಲು ವಿಷ್ಯ ಹೇಳು. ಸೇರಿಸ್ಲಾ ಬೇಡ್ವಾ ಅಂತ ಕೇಳು. ಅವರು ಹೂಂ ಅಂದ್ರೆ ಮಾತ್ರ ಬರ್ಕೋ."