ನನ್ನ ಹೆಬ್ಬೆಟ್ಟಿನ ಮ್ಯಾಲ ನನಗ ಸಂಶಯ

ಈಗೀಗ ನನಗ ನನ್ನ ಎಡಗೈ ಹೆಬ್ಬೆಟ್ಟಿನ ಮ್ಯಾಲ ಇದ್ದಷ್ಟು ಸಂಶಯ ಮತ್ತ ಯಾರ ಮ್ಯಾಲೂ ಇಲ್ಲ. ನಗಬ್ಯಾಡ್ರಿ. ಮೂವತ್ತು ವರ್ಷ ಕಲಬುರಗಿ ಸಾಲ್ಯಾಗ ಗಣಿತ ಕಲಿಸಿದಾಂವ ನಾನು. ಲೆಕ್ಕ ತಪ್ಪಿದ್ರ ಎಲ್ಲಿ ತಪ್ಪೇದ ಅಂತ ಹಿಂದಕ್ಕ ಹೋಗಿ ಹುಡುಕೋದು ನನ್ನ ಚಟ. ಹಂಗ ಹುಡುಕಿದಾಗ ಸಿಕ್ಕಿದ್ದು ಈ ಹೆಬ್ಬೆಟ್ಟು.

ನಮ್ಮಕ್ಕ ಕಮಲಾಪುರದಾಗ ಇರ್ತಾಳ. ಅವ್ವ ಹಚ್ಚಿದ್ದ ಕೆಂಪು ಬಾಳಿ ಗಿಡದ ಬುಡದಿಂದ ಕಂದು ತಗದು ತಗದು ಹಚ್ಚಿ, ಅದ ತಳಿ ಉಳಿಸಿಕೊಂಡು ಬಂದಾಕಿ. ನಮ್ಮ ಮನ್ಯಾಗ ಒಂದು ಪದ್ಧತಿ ಅದ. ದೊಡ್ಡ ವಿಚಾರ ಏನರ ಬಂದ್ರ ಜಳಕ ಮಾಡಿ, ವಿಭೂತಿ ಹಚ್ಚಿ, ಕೊರಳಾಗಿನ ಇಷ್ಟಲಿಂಗ ಎಡ ಅಂಗೈಯಾಗ ಇಟ್ಕೊಂಡು, ಮನಸು ನಿಲ್ಲೋ ತನಕ ಅದನ್ನ ನೋಡ್ಕೋತ ಕೂಡಬೇಕು. ಆಮ್ಯಾಲ ಮಾತು ಹೇಳಬೇಕು. ದೇವರು ಬಂದು ಉತ್ತರ ಹೇಳ್ತಾನ ಅಂತಲ್ಲ. ಅಷ್ಟೊತ್ತು ಒಂದ ಕಡೆ ನೋಡಿದ್ರ ಕೇಳಬೇಕಾದ ಪ್ರಶ್ನೆ ತಾನ ಏಳ್ತದ. ಹಿಂದೊಮ್ಮೆ ಅಕ್ಕ ಬೋರ್ ಹಾಕಸಲೇನು ಅಂದಾಗ ಹಂಗ ಕುಂತು ಎದ್ದು, "ಹಳೇ ಬಾವಿ ಹೂಳು ತಗಸಿ ಎಷ್ಟು ವರ್ಷಾತು?" ಅಂತ ಕೇಳಿದ್ದೆ. ಆಕಿ ಹೂಳು ತಗಸಿದ್ಲು, ನೀರು ಬಂತು. ಅವತ್ತಿಂದ ನನ್ನ ಮಾತಂದ್ರ ಆಕಿಗಿ ಪಕ್ಕಾ.

ಈ ಸಲ ಮಳಿಗಾಲದಾಗ ಆಕಿ ಫೋನ್ ಮಾಡಿದ್ಲು. "ಬಾಳಿ ಎಲಿ ಹಳದಿ ಆಗಾಕತ್ತಾವ. ಇಟ್ಕೊಳ್ಳಲೋ, ಕಡಸಲೋ? ಕುಂತು ವಿಚಾರ ಮಾಡಿ ಹೇಳು. ಅವಸರ ಇಲ್ಲ."

ಮರುದಿನ ಮುಂಜಾನೆ ಕಲಬುರಗಿ ಬ್ರಹ್ಮಪುರದ ನಮ್ಮ ಮನ್ಯಾಗ ಕುಂತೆ. ಲಿಂಗ ಅಂಗೈಯಾಗ, ಕಣ್ಣು ಲಿಂಗದ ಮ್ಯಾಲ. ಒಂದು ನಿಮಿಷ ಆಗಿತ್ತೋ ಇಲ್ಲೋ, ಹೆಬ್ಬೆಟ್ಟು ತನ್ನಷ್ಟಕ್ಕ ತಾನ ಲಿಂಗದ ಮ್ಯಾಲ ಕೆಳಗಿಂದ ಮ್ಯಾಲಕ್ಕ ಸರೀತು. ಮತ್ತೊಮ್ಮೆ ಸರೀತು. ಫೋನಿನಾಗ ವಿಡಿಯೋ ಸರಿಸಿದಂಗ, ಇದು ಸಾಕು, ಮುಂದಿಂದು ಏನದ ತೋರಸು ಅನ್ನೋಹಂಗ. ನೋಡಿದ್ರ ಹೆಬ್ಬೆಟ್ಟಿಗಿ ಲಿಂಗದ ಮ್ಯಾಲಿನ ವಿಭೂತಿ ಹತ್ತಿತ್ತು. ಮೈ ಝುಮ್ ಅಂತು. ಅಂಥಾ ನಾಚಿಕಿ ನನಗ ಎಂದೂ ಆಗಿದ್ದಿಲ್ಲ. ಲಿಂಗ ಕೊರಳಾಗಿನ ಬೆಳ್ಳಿ ಕರಡಗ್ಯಾಗ ಇಟ್ಟು ಎದ್ದುಬಿಟ್ಟೆ.

ಫೋನ್ ಮ್ಯಾಲ ನನಗ ಮೊದಲಿಂದ ಅನುಮಾನ ಇತ್ತು. ಪುಸ್ತಕ ಹಿಡದ್ರ ಎರಡನೇ ಪುಟಕ್ಕ ಕೈ ಕಿಸೆಕ್ಕ ಹೋಗ್ತಿತ್ತು. ಮೊದಲ ಒಂದು ಲೆಕ್ಕ ತಲ್ಯಾಗ ಹಾಕ್ಕೊಂಡು ಮನಿಯಿಂದ ನೆಹರು ಗಂಜ್ ತನಕ ನಡಕೋತ ಹೋದ್ರ ಅಲ್ಲಿ ಮುಟ್ಟೋದ್ರಾಗ ಬಿಡಸಿರ್ತಿದ್ದೆ. ಈಗ ಓಣಿ ತಿರುವು ದಾಟೋದ್ರಾಗ ಲೆಕ್ಕಾನ ಮರತಿರ್ತದ. ಇದು ನನ್ನ ತಲಿ ತಿನ್ನಾಕತ್ತದ ಅಂತ ಗೊತ್ತಿತ್ತು. ಕಳ್ಳ ಅಂತ ಗೊತ್ತಿದ್ದೂ ಮನಿ ಕೀಲಿ ಅವನ ಕೈಯಾಗ ಕೊಟ್ಟು ಕುಂತಿದ್ದೆ.

ಆದ್ರೂ ಲಿಂಗ ಇಟ್ಟು ಎದ್ದಾಂವ ಯಾರನ್ನ ಕೇಳಿದೆ? ಅದ ಕಳ್ಳನ್ನ. ಫೋನಿನಾಗ ಬಾಳಿ ಎಲಿ ಹಳದಿ ಅಂತ ಬರದೆ. ವಿಡಿಯೋ ಒಂದರ ಹಿಂದ ಒಂದು ಬಂದ್ವು. ರೋಗ ಅದ, ಕಡೀರಿ, ಸುಡ್ರಿ, ತಡಾ ಮಾಡಿದ್ರ ಹೊಲಾನ ಹೋಗ್ತದ ಅಂತ ಒಬ್ಬಾಂವ ಉಸಿರು ಬಿಡದ ಹೇಳಿದ. ಅವನ ಅವಸರ ನನಗೂ ಹತ್ತಿತು. ಚಹಾ ಆರೋದ್ರಾಗ ಅಕ್ಕಗ ಫೋನ್ ಹಚ್ಚಿ, "ಕಡಿಸಿಬಿಡು" ಅಂದೆ.

"ಕುಂತಿದ್ದ್ಯಾ?" ಅಂದ್ಲು.

"ಹೂಂ" ಅಂದೆ. ಕುಂತಿದ್ದು ಖರೇನ ಇತ್ತಲ್ಲ, ಅದಕ್ಕ ಆಗ ಅದು ಸುಳ್ಳು ಅನಿಸಲೇ ಇಲ್ಲ.

ಎರಡು ತಿಂಗಳ ಮ್ಯಾಲ ಕಮಲಾಪುರಕ್ಕ ಹೋದೆ. ಅಕ್ಕನ ಹೊಲ ಬೋಳಾಗಿತ್ತು. ಒಡ್ಡಿನ ಆಚೀ ಕಡೆ ಬಾಜೂದವರ ಕೆಂಪು ಬಾಳಿ ಹಚ್ಚಗ ನಿಂತಿತ್ತು. ನಿಮ್ಮವು ಹಳದಿ ಆಗಿದ್ದಿಲ್ಲೇನ್ರೀ ಅಂತ ಆ ಹೊಲದವರನ್ನ ಕೇಳಿದೆ.

"ಆಗಿದ್ವು ರೀ. ನಮ್ಮದೂ ನಿಮ್ಮಕ್ಕಂದೂ ಎರಡೂ ಹೊಲದಾಗ ಬುಡಕ ಮಳಿ ನೀರು ನಿಂತಿತ್ತು. ನಾ ಕಾಲಿವಿ ತೋಡಿ ಹೊರಗ ಹಾಕಿದೆ."

ನೀರು ಎಲ್ಲಿ ನಿಂತದ ಅಂತ ನಾ ಅಕ್ಕನ್ನ ಕೇಳಿದ್ದೇ ಇಲ್ಲ. ಒಂದ ಪ್ರಶ್ನೆ ಸುದ್ದಾ ಕೇಳಿದ್ದಿಲ್ಲ.

ಅಕ್ಕ ಸಿಟ್ಟಾಗಲಿಲ್ಲ. ಕಟ್ಟಿ ಮ್ಯಾಲ ಕುಂತು ಅವರಿಕಾಯಿ ಸುಲೀತಿದ್ಲು. ಉಲ್ಟಾ ನನಗ ಸಮಾಧಾನ ಹೇಳಾಕ ಶುರು ಮಾಡಿದ್ಲು. "ಅವ್ವನ ಗಿಡ ಅಂತ ಎರಡು ದಿನ ಊಟ ಸೇರಲಿಲ್ಲ. ಆದ್ರ ನೀ ಲಿಂಗದ ಮುಂದ ಕುಂತು ಹೇಳಿದ ಮಾತು. ಗಿಡ ಹೋದ್ರ ಹೋಗ್ಲಿ, ಮನಸ್ಸಿಗಿ ಸಂಕಟ ಇಲ್ಲ ನನಗ."

ಇದನ್ನ ಕೇಳಿ ಸುಮ್ಮನಿರಾಕ ಆಗಲಿಲ್ಲ. ಹೆಬ್ಬೆಟ್ಟು, ವಿಡಿಯೋ, ನನ್ನ ಹೂಂ, ಎಲ್ಲಾ ಹೇಳಿಬಿಟ್ಟೆ. ಆಕಿ ಕೈ ನಿಂತು ಹೋತು.

"ಹಂಗಾದ್ರ ನಾ ಯಾರ ಮಾತು ಕೇಳಿ ಕಡಸೀನಿ?"

ಆ ವಿಡಿಯೋದ ಮನಷ್ಯಾನ ಮಾರಿ ನೆನಪಿಗಿ ತಂದ್ಕೊಳ್ಳಾಕ ನೋಡಿದೆ. ಯಾವ ಊರಾಂವ, ಎಂಥಾ ಮಣ್ಣಿನ ಮ್ಯಾಲ ನಿಂತು ಹೇಳಿದ, ಬಾಳಿ ಬೆಳದಾನೋ ಇಲ್ಲೋ. ಏನೂ ನೆನಪಿಗಿ ಬರಲಿಲ್ಲ.

"ಗೊತ್ತಿಲ್ಲಕ್ಕಾ" ಅಂದೆ.