ಅಕ್ಕ ಬಂದಿಳಿಯುವ ಅಟ್ಟ

ನಮ್ಮ ಹೊಳೆದಂಡೆಯ ಅಟ್ಟದ ಮೇಲೆ ನಡೆಯುವವರೆಲ್ಲ ನಡುವೆ ಒಂದು ಕಡೆ ಉದ್ದನೆಯ ಹೆಜ್ಜೆ ಹಾಕುತ್ತಿದ್ದರು. ಅಲ್ಲಿದ್ದ ಹಲಗೆಯ ಮೊಳೆ ಕಿತ್ತು ಎಷ್ಟು ಕಾಲವಾಗಿತ್ತೋ, ಅದರ ಒಂದು ತುದಿಯನ್ನು ತುಳಿದರೆ ಇನ್ನೊಂದು ತುದಿ ಎದ್ದು ಮೊಣಕಾಲಿಗೆ ಬಡಿಯುತ್ತಿತ್ತು. ಒಂದು ಮೊಳೆ ಹೊಡೆಯುವುದು ಬಿಟ್ಟು, ಅದನ್ನು ದಾಟಿ ಹೋಗುವ ವಿದ್ಯೆಯನ್ನು ನಾವು ಕಲಿತೆವು, ಮಕ್ಕಳಿಗೆ ಕಲಿಸಿದೆವು. ಮನೆಯ ನಾಯಿ ತಾನೇ ನೋಡಿ ಕಲಿಯಿತು. ಕಲಿಯದೆ ಉಳಿದವನು ಲಿಂಬೆಕಾಯಿ ನೋಡಲು ವಿಜಯಪುರದಿಂದ ಬಂದ ವ್ಯಾಪಾರಿಯೊಬ್ಬ. "ಹೊಳಿ ಗಾಳಿ ತಗೊಂಡ ಬರ್ತೇನ್ರಿ" ಎಂದು ಗತ್ತಿನಿಂದ ಹೋದವನು ಒಂದೇ ಚಪ್ಪಲಿಯಲ್ಲಿ ಮರಳಿದ. ಇನ್ನೊಂದನ್ನು ನಮ್ಮ ಹೊಳೆ ಭೀಮೆ ತನಗಿರಲಿ ಎಂದು ಇಟ್ಟುಕೊಂಡಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಹೆಂಡತಿ ಶಿವಲೀಲಾ ನಗಲಿಲ್ಲ. "ನಗ್ರಿ, ನಗ್ರಿ. ನಾಳೆ ಅಕ್ಕಾರ ಬಂದು ಅಲ್ಲೇ ಕಾಲ ಇಟ್ರ ಹೆಂಗ?" ಎಂದಳು. ನನ್ನ ಅಕ್ಕ ನಮ್ಮ ಮನೆಗೆ ಬರುವುದನ್ನು ಬಿಟ್ಟು ವರ್ಷವಾಗುತ್ತ ಬಂದಿತ್ತು. ನನ್ನ ನಗು ಅಲ್ಲಿಗೆ ನಿಂತಿತು.

ಅಟ್ಟ ಎಂದ ಕೂಡಲೇ ನೀವು ಮನೆಯೊಳಗೆ ಜೋಳದ ಚೀಲ ಇಡುವ ಅಟ್ಟವನ್ನು ನೆನೆಯಬೇಡಿ. ಇದು ಇಂಡಿ ತಾಲ್ಲೂಕಿನ ಅಂಚಿನಲ್ಲಿ, ನಮ್ಮ ಲಿಂಬೆ ತೋಟ ಮುಗಿದು ಭೀಮೆ ಶುರುವಾಗುವಲ್ಲಿ, ದಂಡೆಯಿಂದ ನೀರಿನೊಳಕ್ಕೆ ಚಾಚಿಕೊಂಡಿದ್ದ ಹಲಗೆಯ ಹಾದಿ. ಕೆಳಗೆ ಜಾಲಿಮರದ ಕಂಬ, ಮೇಲೆ ಹಲಗೆ, ತುದಿಯಲ್ಲಿ ದೋಣಿ ಕಟ್ಟಲು ಒಂದು ಗೂಟ, ಇಷ್ಟೇ ಅದರ ವೈಭವ. ಕರಾವಳಿಯವರು ಇಂಥದಕ್ಕೆ ಧಕ್ಕೆ ಎನ್ನುತ್ತಾರಂತೆ. ಅಲ್ಲಿಯ ಹೊಳೆಗಳನ್ನು ಸಮುದ್ರವು ದಿನಾಲೂ ಏರಿಸಿ ಇಳಿಸಿ ಆಡಿಸುತ್ತದಂತೆ. ನಮ್ಮ ಭೀಮೆಗೆ ಸಮುದ್ರದ ಹಂಗಿಲ್ಲ. ಆಕೆಯ ಏರಿಳಿತವೆಲ್ಲ ಮೇಲೆ ಮಹಾರಾಷ್ಟ್ರದಲ್ಲಿ ಅಣೆಕಟ್ಟಿನ ಬಾಗಿಲು ತೆರೆಯುವವರ ಮತ್ತು ಕೆಳಗೆ ಬ್ಯಾರೇಜಿನ ಬಾಗಿಲು ಮುಚ್ಚುವವರ ಕೈಯಲ್ಲಿದೆ. ನಿನ್ನೆ ಹಲಗೆಯನ್ನು ಮುಟ್ಟುತ್ತಿದ್ದ ನೀರು ಇವತ್ತು ಆಳೆತ್ತರ ಕೆಳಗೆ ಇಳಿದಿರುತ್ತದೆ; ನಡುವೆ ಉಳಿಯುವುದು ಎರೆಮಣ್ಣಿನ ಕೆಸರು. ಆ ಕೆಸರಿಗೆ ಇಳಿಯುವ ಮುಂಚೆ ಎಮ್ಮೆಗಳೂ ಒಮ್ಮೆ ಯೋಚಿಸುತ್ತವೆ.

ಕಾಗದದ ಪ್ರಕಾರ ಹೊಲ ನಮ್ಮದು, ಅಟ್ಟವೂ ನಮ್ಮದೇ. ಆದರೆ ಬಲೆ ಬಿಡಿಸುವವರು, ಕೌದಿ ಒಗೆಯುವವರು, ಮೊಬೈಲು ಹಿಡಿದು ಸೂರ್ಯಾಸ್ತದ ಮುಂದೆ ನಿಲ್ಲುವ ಹೊಸ ಮದುಮಕ್ಕಳು, ಎಲ್ಲರೂ ಅಲ್ಲೇ. ಬಳಸುವಾಗ ಅದು ಊರಿನ ಅಟ್ಟ. ಹಲಗೆ ಮುರಿದ ದಿನ "ನಿಮ್ಮ ಅಟ್ಟ ಮುರದೈತಿ ನೋಡ್ರಿ" ಎಂದು ಮನೆ ಬಾಗಿಲಿಗೆ ಬಂದು ಹೇಳುತ್ತಾರೆ. ಖಾಸಗಿ ಎಂಬ ಮಾತಿಗೆ ನಮ್ಮ ಕಡೆ ಇಷ್ಟೇ ಅರ್ಥ ಎಂದು ನಾನು ತಿಳಿದಿದ್ದೇನೆ.

ಅದನ್ನು ಕಟ್ಟಿದವನು ನಮ್ಮಪ್ಪ. ನನಗಿಂತ ಹಿರಿಯಳಾದ ನೀಲಕ್ಕನನ್ನು ಆಚೆ ದಂಡೆಯ ಊರಿಗೆ ಕೊಟ್ಟ ವರ್ಷದ ಮಾತು. ಹೆಸರಿಗೆ ಅದು ಕಣ್ಣಿಗೆ ಕಾಣುವ ಊರು. ಅವರ ಮನೆಯ ಹೊಗೆ ನಮ್ಮ ಅಂಗಳದಿಂದ ಕಾಣುತ್ತದೆ. ನಡುವೆ ಹೊಳೆ ಇರುವುದರಿಂದ ರಸ್ತೆಯಲ್ಲಿ ಹೋಗಬೇಕೆಂದರೆ ದೇವಣಗಾಂವದ ಸೇತುವೆಗೆ ಹೋಗಿ, ಬಸ್ಸು ಬದಲಿಸಿ, ಟೆಂಪೊ ಹತ್ತಿ, ಉಸ್ಸಪ್ಪಾ ಎನ್ನುವ ಹೊತ್ತಿಗೆ ಮಧ್ಯಾಹ್ನ. ಮದುವೆ ಮುಗಿದ ಮೇಲೆ ಹಂದರದ ಜಾಲಿ ಕಂಬಗಳು ಅಂಗಳದಲ್ಲಿ ಒರಗಿ ನಿಂತಿದ್ದವು. ಹಂದರದ ಕಂಬವನ್ನು ಒಲೆಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅಪ್ಪ ಅವನ್ನು ಚಕ್ಕಡಿಯಲ್ಲಿ ಹೇರಿಕೊಂಡು ದಂಡೆಗೆ ಹೊಡೆದ. "ಹಂದರದಾಗ ನಿಂತು ಮಗಳನ್ನ ಕಳಸ್ಯಾವ, ಇನ್ನ ಹೊಳ್ಯಾಗ ನಿಂತು ಕರೀಲಿ" ಎಂದನಂತೆ. ಅವ್ವ ಈ ಮಾತನ್ನು ಹೇಳುವಾಗಲೆಲ್ಲ ಸೆರಗು ಕಣ್ಣಿಗೆ ಹೋಗುತ್ತಿತ್ತು. ಅಪ್ಪನಿಗೆ ಇಷ್ಟು ಮೆತ್ತಗೆ ಮಾತಾಡಲು ಬರುತ್ತಿತ್ತೆಂಬುದೇ ನನಗೆ ಆಶ್ಚರ್ಯ.

ಹಾಗೆ ಆ ಅಟ್ಟ ಅಕ್ಕನ ತವರಿನ ದಾರಿಯಾಯಿತು. ಪಂಚಮಿಗೆ ಬಂದಳು, ಬಾಣಂತಿತನಕ್ಕೆ ಬಂದಳು, ಅತ್ತೆಯೊಡನೆ ಜಗಳವಾಡಿ ಬಂದಳು, ಮುಂದೆ ತಾನೇ ಅತ್ತೆಯಾಗಿ ನಮ್ಮನ್ನೆಲ್ಲ ಬೈಯಲು ಬಂದಳು. ಅಪ್ಪ ಅವ್ವ ಹೋದ ಮೇಲೂ ಬರುವುದು ತಪ್ಪಲಿಲ್ಲ. ತಪ್ಪಿದ್ದು ಹೋದ ವರ್ಷ ಅಕ್ಕನ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ. ಸುಮ್ಮನೆ ಮಲಗಿದ್ದ ಮನುಷ್ಯ ಬೆಳಗ್ಗೆ ಏಳಲಿಲ್ಲ. ಆಮೇಲೆ ನಾನು ಎಷ್ಟು ಸಲ ಕರೆದರೂ ಅಕ್ಕನ ಉತ್ತರ ಒಂದೇ: "ಅಟ್ಟ ಮುರದ ಬಿದ್ದೈತಲ್ಲೋ ತಮ್ಮಾ. ನನ್ನ ಮೊಣಕಾಲು ಅದಕ್ಕಿಂತ ಕಡಿ. ಹೆಂಗ ಬರ್ಲಿ?"

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ" ಎಂದು ನಾನು ಫೋನಿನಲ್ಲೇ ಚುಚ್ಚಿದೆ. ಮೊದಲಿನ ಅಕ್ಕನಾಗಿದ್ದರೆ ಅದಕ್ಕೆ ಎರಡು ಗಾದೆ ಮರಳಿ ಎಸೆಯುತ್ತಿದ್ದಳು. ಈ ಸಲ "ಹೌದಪಾ" ಎಂದಳು, ಅಷ್ಟೇ. ನನಗೆ ಹೆದರಿಕೆಯಾಯಿತು. ಬೈಯುವವರು ಬೈಯುವುದನ್ನು ಬಿಟ್ಟರೆ ಮನೆಯಲ್ಲಿ ಏನೋ ಕೆಟ್ಟಿದೆಯೆಂದೇ ಲೆಕ್ಕ. ಹೀಗೇ ಬಿಟ್ಟರೆ ಅಕ್ಕ ತವರನ್ನು ಮರೆತೇಬಿಡುತ್ತಾಳೆ, ಅಟ್ಟವನ್ನೇ ಹೊಸದು ಮಾಡಿಸಿಬಿಡುತ್ತೇನೆ, ಆಗ ಏನು ಹೇಳುತ್ತಾಳೋ ನೋಡೋಣ ಎಂದು ಹಟ ಹಿಡಿದೆ.

ಸಿಂದಗಿಯಿಂದ ವೆಲ್ಡಿಂಗಿನವನು ಬಂದ. ಹೊಳೆ ನೋಡಿದ, ಅಟ್ಟ ನೋಡಿದ, ನನ್ನನ್ನು ನೋಡಿದ. ಕಂಬದ ಸುದ್ದಿಯೇ ಬೇಡ, ಕಬ್ಬಿಣದ ಚೌಕಟ್ಟಿನ ಕೆಳಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕಟ್ಟೋಣ ಎಂದ. "ಹೊಳಿ ಏರಿದ್ರ ಏರ್ತೈತ್ರಿ, ಇಳದ್ರ ಇಳೀತೈತಿ. ಕಾಲಿಡೋ ಜಾಗ ಯಾವಾಗ್ಲೂ ದೋಣಿ ಮಟ್ಟಕ್ಕs ಇರ್ತೈತಿ." ನನಗೆ ಸರಿ ಬರಲಿಲ್ಲ. ಇಟ್ಟಲ್ಲಿ ಇರದ ವಸ್ತುವನ್ನು ನಂಬುವುದು ಹೇಗೆ ಎಂದು ವಾದಿಸಿದೆ. ನಾನು ವಾದಕ್ಕೆ ನಿಂತರೆ ಚಹ ಆರಿ ಹೋಗುವವರೆಗೂ ಬಿಡುವವನಲ್ಲ. ಶಿವಲೀಲಾ ಒಳಗಿನಿಂದಲೇ ತೀರ್ಪು ಕೊಟ್ಟಳು: "ಮೊಣಕಾಲ ನೋವು ನಿಮಗೈತೋ ಅಕ್ಕಾರಿಗೈತೋ?" ಡ್ರಮ್ಮು ಗೆದ್ದಿತು.

ಹಳೆಯ ಕಂಬಗಳನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿದೆವು. ನಾನು ಊಹಿಸಿದ್ದೇ ಬೇರೆ, ಕಂಡದ್ದೇ ಬೇರೆ. ಕೆಸರಿನಲ್ಲಿ ಹೂತಿದ್ದ ಭಾಗ ಕಪ್ಪಾಗಿ, ಕೊಡಲಿ ಬಿದ್ದರೆ ಠಣ್ ಎನ್ನುವಷ್ಟು ಗಟ್ಟಿಯಾಗಿತ್ತು. ಬಿಸಿಲಿನಲ್ಲಿ ನಿಂತಿದ್ದ ಮೇಲಿನ ಭಾಗವೂ ಚೆನ್ನಾಗಿಯೇ ಇತ್ತು. ಕೊಳೆತು ಮಣಿಕಟ್ಟಿನಷ್ಟು ಸಣ್ಣಗಾಗಿದ್ದುದು ನಡುವಿನ ಭಾಗ, ಒಂದು ದಿನ ನೀರಿನಲ್ಲಿ ಒಂದು ದಿನ ಗಾಳಿಯಲ್ಲಿ ಇದ್ದದ್ದು. ಪೂರ್ತಿ ನೀರಿನಲ್ಲಿದ್ದದ್ದು ಬಾಳುತ್ತದೆ, ಪೂರ್ತಿ ಹೊರಗಿದ್ದದ್ದೂ ಬಾಳುತ್ತದೆ. ಸವೆಯುವುದು ಎರಡೂ ಕಡೆಗೆ ಬಾಳುವೆ ಮಾಡುವುದು. ಎರಡು ಮನೆಯ ನಡುವೆ ಹೋಗಿ ಬಂದು ಮಾಡುವ ಹೆಣ್ಣುಮಕ್ಕಳ ಮೊಣಕಾಲೇ ಮೊದಲು ಯಾಕೆ ಸವೆಯುತ್ತದೆಂದು ಡಾಕ್ಟರನ್ನು ಕೇಳಬೇಕಾಗಿಲ್ಲ ಎನ್ನಿಸಿತು. ಕಂಬಗಳನ್ನು ತೋಟದ ಬೇಲಿಗೆ ಒರಗಿಸಿ ಇಟ್ಟೆವು. ಒಲೆಗಂತೂ ಹಾಕುವಂತಿಲ್ಲ.

ಎಳ್ಳಮವಾಸ್ಯೆಗೆ ಮುಂಚೆ ಅಟ್ಟ ಸಿದ್ಧವಾಯಿತು. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬುತ್ತಿಯ ಒಂದು ಪಾಲನ್ನು ಚರಗವೆಂದು ಚೆಲ್ಲಿ, ಅಲ್ಲೇ ಪಂಕ್ತಿ ಹಾಕುವುದು. ಚರಗ ಅಕ್ಕನಿಗೆ ಪ್ರಾಣ. ಫೋನು ಮಾಡಿ, "ಅಟ್ಟ ಆಗೈತಿ. ಇನ್ನ ಏನ್ ನೆವಾ ಹೇಳ್ತೀ ಹೇಳು" ಎಂದೆ. ಆಕೆ, "ಬರ್ತೇನಿ ಬಿಡು. ಸಜ್ಜಿ ಕಡಬು ನಾನs ಮಾಡ್ಕೊಂಡು ಬರ್ತೇನಿ" ಎಂದಳು. ನಾನು ಗೆದ್ದೆನೆಂದು ಮೀಸೆ ತಿರುವಿದೆ.

ಇನ್ನು ಪೂಜೆಯ ಮಾತು. ಬಾವಿಯಾಗಲಿ, ಪಂಪ್‌ಸೆಟ್ಟಾಗಲಿ, ಟ್ರ್ಯಾಕ್ಟರಾಗಲಿ, ಹೊಸದು ಬಂದರೆ ಐದು ಜನ ಮುತ್ತೈದೆಯರು ಪೂಜಿಸಿ ಮೊದಲು ಬಳಸಬೇಕು, ಉಳಿದವರು ಆಮೇಲೆ; ಇದು ನಮ್ಮಲ್ಲಿ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ, ಸುಮ್ಮನೆ ಆಗುವಂಥದ್ದು. ಅಮವಾಸ್ಯೆಯ ಬೆಳಗ್ಗೆ ನೆರೆಮನೆಯ ಕಾಶೀಬಾಯಿ ಹಿಡಿದು ನಾಲ್ವರು ಬಂದರು, ಐದನೆಯವಳು ಶಿವಲೀಲಾ. ದಂಡೆಯ ಕಡೆ ರಂಗೋಲಿ, ದಂಡೆಯ ಕಡೆ ಮಾವಿನ ತೋರಣ, ದಂಡೆಯ ಕಡೆ ಬಾಳೆಯ ಗಿಡ. ಆರತಿ ತಾಟು ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ದೋಣಿ ಬಂದುಬಿಟ್ಟಿತು.

ಅಂಬಿಗರ ಯಲ್ಲಪ್ಪ ಹೇಳಿದ ಹೊತ್ತಿಗೆ ಎಂದೂ ಬಂದವನಲ್ಲ; ಅವತ್ತೇ ಮುಂಚೆ ಬರಬೇಕೆ? ದೋಣಿಯನ್ನು ಅಟ್ಟದ ಹೊಳೆಯ ತುದಿಗೆ ಕಟ್ಟಿದ. ಅಕ್ಕ ಕಡಬಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬರಿ ಹಣೆಯಲ್ಲಿ ಈ ಕಡೆ ನೋಡುತ್ತ ಕುಳಿತಿದ್ದಳು. ಆಗ ನನಗೆ ಹೊಳೆಯಿತು ನಾವು ಎಂಥ ಜನ ಎಂದು. ಅಟ್ಟ ಕಟ್ಟಿದ್ದು ಹೊಳೆಯಿಂದ ಬರುವವಳಿಗೆ, ಸಿಂಗಾರ ಮಾಡಿದ್ದು ದಂಡೆಯಲ್ಲಿ ನಿಂತವರಿಗೆ! ಆಕೆ ಬಂದಿಳಿಯುವ ತುದಿಯಲ್ಲಿ ಒಂದು ಎಲೆ ಕೂಡ ಇರಲಿಲ್ಲ. ಆಕೆಗೆ ಕಾಣುತ್ತಿದ್ದದ್ದು ತೋರಣದ ಬೆನ್ನು.

"ಅಕ್ಕಾ, ಒಂದೀಟು ತಡಿ, ಪೂಜಿ..." ಎಂದು ನಾನು ತೊದಲಿದೆ.

"ಮಾಡ್ಕೋರಿ, ಮಾಡ್ಕೋರಿ. ಹೊಸಾದಕ್ಕ ನಾ ಮೊದಲ ಕಾಲಿಡಬಾರದು. ನಂಗೇನು ಗೊತ್ತಿಲ್ಲೇನು? ನಾ ಇಲ್ಲೇ ಕುಂತಿರ್ತೇನಿ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬುಟ್ಟಿಯನ್ನು ನನ್ನತ್ತ ಎತ್ತಿ ಹಿಡಿದು ಹೇಳಿದಳು: "ಇಲ್ಲಾಂದ್ರ ಒಂದ್ ಕೆಲಸ ಮಾಡು ತಮ್ಮಾ. ಬುಟ್ಟಿ ಅಷ್ಟು ತಗೊಂಡುಬಿಡು, ನಾ ಹಿಂಗs ಹೊಳ್ಳಿ ಹೋಗ್ತೇನಿ."

ಗೆಳೆಯರೇ, ವರ್ಷಪೂರ್ತಿ ಅಟ್ಟ ಮುರಿದಿದೆ ಎಂದು ಆಕೆ ಯಾಕೆ ಹೇಳುತ್ತಿದ್ದಳೆಂದು ನನಗೆ ಅರ್ಥವಾದದ್ದು ಆಗ. ಹಲಗೆ ಬರೀ ನೆವ. ಅಪ್ಪ ತನಗಾಗಿ ಕಟ್ಟಿದ ದಾರಿಯಲ್ಲಿ ಇನ್ನು ತಾನು ಐವರು ಮುತ್ತೈದೆಯರ ಹಿಂದೆ ಬರಬೇಕಾದವಳು ಎಂಬುದು ಆಕೆಗೆ ಗೊತ್ತಿತ್ತು. ಅದನ್ನು ನಮ್ಮ ಕಣ್ಣಮುಂದೆ ಅನುಭವಿಸುವುದು ಆಕೆಗೆ ಬೇಡವಾಗಿತ್ತು. ಈಗ ಮರಳಿದರೆ ಮತ್ತೆ ಬರುವವಳಲ್ಲ. ಅದು ನನಗೆ ತಿಳಿಯಿತು, ಆದರೆ ಕಾಲು ಏಳಲಿಲ್ಲ. ಪೂಜೆಗೆ ಮುಂಚೆ ಅಟ್ಟದ ಮೇಲೆ ಹೆಜ್ಜೆ ಇಡಲು ನಾನೂ ಹಿಂಜರಿದೆ ನೋಡಿ, ವಾದದ ಹುಲಿ!

ಶಿವಲೀಲಾ ಕೇಳಿದಳು, ನನ್ನನ್ನಲ್ಲ, ಆ ನಾಲ್ವರನ್ನು: "ಮನ್ಯಾಗ ಮದಿವಿ ಇದ್ರ ಮೊದಲ ಹೊಳಿಗಿ ಬಂದು ಗಂಗೀನ ಕೊಡದಾಗ ಕರ್ಕೊಂಡು ಹೋಗ್ತೀವಿಲ್ಲ? ಎಲ್ಲಾರಿಗಿಂತ ಮುಂದ ಆಕೀನs ಒಳಗ ಬರ್ತಾಳ. ನೀ ಮುತ್ತೈದಿ ಹೌದೋ ಅಲ್ಲೋ ಅಂತ ಆಕೀನ ಯಾರರೆ ಕೇಳ್ಯಾರೇನು?"

"ಅಲ್ಲವಾ, ಪದ್ಧತಿ ಅಂತ ಒಂದು ಐತಲ್ಲ" ಎಂದಳು ಕಾಶೀಬಾಯಿ.

"ಇದೂ ಪದ್ಧತೀನs. ಹೊಳಿ ಕಡಿಂದ ಬಂದವರು ಮೊದಲ."

ಹೀಗೆಂದವಳು ಅಟ್ಟದ ಮೇಲೆ ಕಾಲಿಡಲಿಲ್ಲ. ಇಟ್ಟರೆ ತಾನೇ ಮೊದಲಿನವಳಾಗುತ್ತಾಳಲ್ಲ! ಉಟ್ಟಿದ್ದ ಇಳಕಲ್ ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಆರತಿ ತಾಟು ಹಿಡಿದು, ಅಟ್ಟದ ಪಕ್ಕದ ಕೆಸರಿಗೆ ಇಳಿದಳು. ಮೊಣಕಾಲವರೆಗೆ ಹೂತಳು, ಕಿತ್ತಳು, ಮತ್ತೆ ಹೂತಳು. ದಂಡೆಯಲ್ಲಿದ್ದವರು "ಅಯ್ಯಯ್ಯ, ಸೀರಿ!" ಎಂದು ಕೂಗಿದರು. ಸೊಂಟಮಟ್ಟದ ನೀರಿನಲ್ಲಿ ನಡೆದು ಹೊಳೆಯ ತುದಿಗೆ ಬಂದು, ದೋಣಿಯಲ್ಲಿ ಕುಳಿತವಳಿಗೇ ಆರತಿ ಬೆಳಗಿದಳು. ಆಮೇಲೆ ತಾಟನ್ನು ಯಲ್ಲಪ್ಪನ ಕೈಗೆ ಕೊಟ್ಟು, ಅಲ್ಲಾಡುತ್ತಿದ್ದ ಅಟ್ಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, "ಏಳ್ರಿ ಅಕ್ಕಾರ, ಹಿಡದೇನಿ" ಎಂದಳು.

ಅಕ್ಕ ಆಕೆಯನ್ನು ನೋಡಿದಳು. "ಹುಚ್ಚಿ! ಚಲೋ ಸೀರಿ ಹಾಳ ಮಾಡ್ಕೊಂಡ್ಯಲ್ಲ" ಎಂದು ಬೈದಳು. ಬೈದಳು! ಯಲ್ಲಪ್ಪ ಸಿಕ್ಕಿದ್ದೇ ಸಂದಿ ಎಂದು, "ಲಗೂ ಏಳ್ರಿ ಅಕ್ಕಾರ, ಕಡಬು ಆರಾಕತ್ಯಾವ" ಎಂದ. ಅಕ್ಕ ಎದ್ದಳು, ಅಟ್ಟದ ಬದಿಗೆ ಕೂಡಿಸಿದ್ದ ಅಡ್ಡಗಂಬಿ ಹಿಡಿದಳು, ಒಂದು ಕಾಲಿಟ್ಟಳು. ಅಟ್ಟ ಆಕೆಯ ಭಾರಕ್ಕೆ ಚೂರು ತಗ್ಗಿ ಮತ್ತೆ ಮೇಲೆದ್ದಿತು. ಎರಡನೆಯ ಕಾಲನ್ನೂ ಇಟ್ಟಳು. ನಿಂತವಳು ಮೊದಲು ಮಾಡಿದ ಕೆಲಸ ಬಗ್ಗಿ ಶಿವಲೀಲಾಳ ರಟ್ಟೆ ಹಿಡಿದು ಆಕೆಯನ್ನು ನೀರಿನಿಂದ ಮೇಲೆ ಎಳೆದುಕೊಂಡದ್ದು.

ಆಗ ನನ್ನ ಕಾಲಿಗೆ ಜೀವ ಬಂತು. ಓಡಿ ಹೋಗಿ ಕೈ ನೀಡಿದೆ.

"ಬಿಡೋ ತಮ್ಮಾ" ಎಂದು ಅಕ್ಕ ನನ್ನ ಕೈಯನ್ನು ಸರಿಸಿದಳು. "ನಮ್ಮ ಮನೀ ದಾರಿ ನನಗ ಗೊತ್ತಿಲ್ಲೇನು?"

ನಾನು ಪಕ್ಕಕ್ಕೆ ಸರಿದು ನಿಂತೆ. ಆಕೆ ಮುಂದೆ ನಡೆದಳು.